ಗಂಟೆಮನೆಯ ಬಾಗಿಲು ತಟ್ಟಿದವರು

ನಮ್ಮ ಊರಿನಲ್ಲಿ ಟಿ.ವಿ. ಹತ್ತಬೇಕಾದರೆ ಅದರೆದುರು ಐದು ಜನ ಕೂತಿರಬೇಕು. ನಾಲ್ಕು ಜನ ಕೂತು ಎಷ್ಟು ಗುಂಡಿ ಒತ್ತಿದರೂ ಅದು ಅಡುಗೆಮನೆಯ ಕರಿಕಲ್ಲಿನ ಹಾಗೆ ಸುಮ್ಮನಿರುತ್ತದೆ. ಐದನೆಯವರು ಬಂದು, ಜಾಗ ಮಾಡಿಕೊಂಡು ಕೂತು, ತೆರೆಯ ಕಡೆ ತಿರುಗಿದ ಗಳಿಗೆಗೆ ಫಕ್ಕನೆ ಬೆಳಕಾಗುತ್ತದೆ. ಸುಮ್ಮನೆ ಕೂತರೆ ಸಾಲದು, ನೋಡಬೇಕು. ತೂಕಡಿಸುವವರು ಲೆಕ್ಕಕ್ಕಿಲ್ಲ. ಮಡಿಲಲ್ಲಿ ಹುರುಳಿಕಾಯಿ ಹಾಕಿಕೊಂಡು ನಾರು ತೆಗೆಯುತ್ತ ಕೂತವರು ಲೆಕ್ಕಕ್ಕಿಲ್ಲ. ಮೊಬೈಲಿನಲ್ಲಿ ಓಡುವ ಚಿತ್ರಕ್ಕೂ ಇದೇ ಕಟ್ಟಳೆ. ಬಸ್‌ಸ್ಟ್ಯಾಂಡಿನಲ್ಲಿ ಕಾಲೇಜು ಹುಡುಗರು ಅಂಗೈಯಗಲದ ಒಂದು ಫೋನಿಗೆ ಐದು ತಲೆ ತೂರಿಸಿಕೊಂಡು ನಿಂತಿರುತ್ತಾರೆ, ಬೆಲ್ಲದ ಚೂರಿಗೆ ಇರುವೆ ಮುತ್ತಿದ ಹಾಗೆ.

ಬೇರೆ ಊರಿನಿಂದ ಸೊಸೆಯರಾಗಿ ಬಂದವರು ಮೊದಮೊದಲು ನಗುತ್ತಾರೆ. ಆಮೇಲೆ ಅವರೂ ಸಂಜೆಯಾದರೆ ಗೇಟಿನ ಹತ್ತಿರ ನಿಂತು, "ನಮ್ಮನೇಲಿ ಒಬ್ರು ಕಮ್ಮಿ ಇದೀವಿ, ಬರ್ತೀರಾ?" ಅಂತ ದಾರಿಹೋಕರನ್ನು ಕರೆಯುವುದಕ್ಕೆ ಕಲಿಯುತ್ತಾರೆ. ಹೆಣ್ಣು ನೋಡಲು ಬಂದವರು ಒಡವೆ ವಿಷಯ ಎತ್ತುವುದಕ್ಕೆ ಮೊದಲು, "ನಿಮ್ಮಲ್ಲಿ ಮನೆಯವರಿಂದಲೇ ಹತ್ತುತ್ತಾ?" ಅಂತ ವಿಚಾರಿಸುತ್ತಾರೆ. ಮಗು ಮೊದಲ ಸಲ ಲೆಕ್ಕಕ್ಕೆ ಬಂದ ದಿನ ಬೀದಿಗೆಲ್ಲ ಸಕ್ಕರೆ ಹಂಚುವುದು ನಮ್ಮಲ್ಲಿ ರೂಢಿ. ನನ್ನ ಮಗಳು ಸಿಂಚನಾ ಲೆಕ್ಕಕ್ಕೆ ಬಂದದ್ದು ಹವಾಮಾನ ವರದಿ ನೋಡಿ. ಮೋಡದ ಚಿತ್ರ ಕಂಡು ಕೈ ಚಾಚಿತ್ತು ಕೂಸು. ಇನ್ನು ಅಕ್ಕಪಕ್ಕದವರ ಜಗಳಗಳೂ ಅಷ್ಟೆ, ಎಂಥದೇ ಇರಲಿ, ಭಾನುವಾರದ ಸಿನಿಮಾದ ಹೊತ್ತಿಗೆ ಹೇಗೋ ತಣ್ಣಗಾಗಿಬಿಡುತ್ತವೆ.

ನಮ್ಮ ಮನೆಯಲ್ಲಿ ನಾವು ಮೂರೇ ಜನ. ನಾನು ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಶಾಲೆಯ ಮಕ್ಕಳ ಯೂನಿಫಾರಂ ಹೊಲಿಯುತ್ತೇನೆ. ನಮ್ಮನೆಯವರು ವೀರೇಶ್, ಕರೆಂಟ್ ಮೀಟರ್ ಓದುವ ಕೆಲಸ. ಸಿಂಚನಾ ಒಂಬತ್ತನೇ ಕ್ಲಾಸು. ಮಹಡಿಯ ಮೇಲೆ ಬಾಡಿಗೆಗಿರುವ ಬಷೀರ್ ಮಾಸ್ಟ್ರು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಾರೆ, ಒಬ್ಬರೇ ಇರುತ್ತಾರೆ. ಅವರು ಇಳಿದು ಬಂದರೆ ನಾಲ್ಕಾದೆವು. ಐದನೆಯವಳು ಚಂದ್ರಿ.

ಚಂದ್ರಿ ಅಂದರೆ ಚಂದ್ರಭಾಗಾ. ಹಿಂದಿನ ಬೀದಿಯ ಬೇಕರಿಯವರ ಮನೆಯ ಹುಡುಗಿ, ನಾನು ಒಂದನೇ ಕ್ಲಾಸಿಗೆ ಹೋದ ದಿನದಿಂದ ಪಕ್ಕದಲ್ಲಿ ಕೂತವಳು. 'ಗಂಟೆಮನೆ'ಯ ಆರೂ ಪುಸ್ತಕಗಳು ಇದ್ದದ್ದು ಆಗ ಅವಳೊಬ್ಬಳ ಹತ್ತಿರವೇ. ಅವಳಪ್ಪ ಮೈದಾ ತರಲು ಪೇಟೆಗೆ ಹೋದಾಗಲೆಲ್ಲ ಒಂದೊಂದು ತಂದುಕೊಟ್ಟಿದ್ದರು. ಬೇಕರಿಯ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಅವಳು ಓದುತ್ತಿದ್ದಳು, ನಾನು ಅವಳ ಹೆಗಲ ಮೇಲಿಂದ ಇಣುಕುತ್ತಿದ್ದೆ. ನಾನು ಓದುವುದು ನಿಧಾನ. ಅವಳು ಹಾಳೆ ತಿರುಗಿಸುವ ಮುಂಚೆ "ಆಯ್ತಾ?" ಅಂತ ಕೇಳುತ್ತಿದ್ದಳು. ಆಗದಿದ್ದರೂ ನಾನು "ಹೂಂ" ಅನ್ನುತ್ತಿದ್ದೆ. ಹಾಗಾಗಿ ಎಷ್ಟೋ ಪುಟಗಳ ಕೊನೆಯ ಸಾಲುಗಳು ನನಗೆ ಇವತ್ತಿಗೂ ಗೊತ್ತಿಲ್ಲ.

ಆ ಪುಸ್ತಕಗಳನ್ನು ಓದದವರಿಗೆ ಇಷ್ಟು ಹೇಳಿದರೆ ಸಾಕು. ಗುಡ್ಡದ ಮೇಲೆ ಒಂದು ಮನೆ, ಮನೆಯ ಮೇಲೊಂದು ದೊಡ್ಡ ಗಂಟೆ, ಆ ಗಂಟೆಯನ್ನು ಯಾರೂ ಮುಟ್ಟಕೂಡದು. ಅಲ್ಲಿ ಕೆಂಪಿ, ಅವಳ ತಮ್ಮ ಬುಡ್ಡ, ಇಬ್ಬರನ್ನೂ ಸಾಕುವ ದೊಡ್ಡಜ್ಜಿ. ದೋಣಿ ನಡೆಸುತ್ತಿದ್ದ ಅಪ್ಪ ಹೋದವನು ಬಂದಿಲ್ಲ. ಸರ್ಕಸ್ಸಿನಲ್ಲಿ ತಂತಿಯ ಮೇಲೆ ನಡೆಯುವ ಮಾವ ಆಗಾಗ ಬಂದು ನಗಿಸಿ ಹೋಗುತ್ತಾನೆ. ಆರನೆಯ ಪುಸ್ತಕದ ಕೊನೆಯಲ್ಲಿ ಜೋರು ಗಾಳಿ, ಯಾರೋ ಬಾಗಿಲು ತಟ್ಟುತ್ತಾರೆ, ಕೆಂಪಿ ಅಗಳಿಗೆ ಕೈ ಹಾಕುತ್ತಾಳೆ. ಅಲ್ಲಿಗೆ ಮುಗಿಯಿತು. ಬರೆದಾಕೆ ಏಳನೆಯದನ್ನು ಬರೆಯಲೇ ಇಲ್ಲ.

ಬಂದವರು ಯಾರು? ನಮ್ಮೂರಿನಲ್ಲಿ ಆ ಪುಸ್ತಕ ಓದಿ ಬೆಳೆದ ಪ್ರತಿಯೊಬ್ಬರಿಗೂ ಇದಕ್ಕೊಂದು ಉತ್ತರ ಇದೆ, ಆ ಉತ್ತರಕ್ಕಾಗಿ ಜಗಳಕ್ಕೂ ಸಿದ್ಧ. ಬಷೀರ್ ಮಾಸ್ಟ್ರ ಪ್ರಕಾರ ಅಪ್ಪ, ಅದರಲ್ಲಿ ಅನುಮಾನವೇ ಇಲ್ಲ. ಸಿಂಚನಾ ಹೇಳುವುದು, ದೊಡ್ಡವಳಾದ ಕೆಂಪಿಯೇ ತನ್ನ ಬಾಲ್ಯದ ಮನೆಯ ಬಾಗಿಲು ತಟ್ಟುತ್ತಿದ್ದಾಳೆ ಅಂತ. ನನಗೆ ಯಾವಾಗಲೂ ಅದು ಬರೀ ಗಾಳಿ ಅನ್ನಿಸಿದೆ. ಒಂದು ಪುಟವನ್ನೂ ಓದದ ನಮ್ಮನೆಯವರು, "ಹಾಲಿನವನಿರಬೇಕು" ಅನ್ನುತ್ತಾರೆ. ಚಂದ್ರಿ ಮಾತ್ರ ಹತ್ತು ವರ್ಷದವಳಿದ್ದಾಗ ಹೇಳಿದ್ದನ್ನೇ ನಲವತ್ತಾರರಲ್ಲೂ ಹೇಳುತ್ತಿದ್ದಳು. "ಸರ್ಕಸ್ ಮಾವ ಕಣೆ. ಅವನೊಬ್ಬನೇ ಹೇಳದೆ ಕೇಳದೆ ಬರೋನು."

ಅವಳ ಕಣ್ಣು ಮಬ್ಬಾಗುತ್ತ ಬಂದು ನಾಲ್ಕೈದು ವರ್ಷವಾಗಿತ್ತು. ಕಣ್ಣಿನೊಳಗಿನ ಒತ್ತಡ, ನರ ಒಣಗಿದೆ ಅಂದರು ಡಾಕ್ಟರು. ಮೊದಲು ಅಂಚುಗಳು ಹೋದವು, ಆಮೇಲೆ ನಡುವಿನದ್ದೂ. ಕಷ್ಟ ಅಂತ ಅವಳು ಬಾಯಿಬಿಟ್ಟವಳಲ್ಲ. ನಮ್ಮ ಮನೆಗೆ ಸಂಜೆ ಬರುವುದನ್ನೂ ಬಿಟ್ಟಿರಲಿಲ್ಲ. ಹೋದ ವರ್ಷ ಒಂದು ದಿನ ಐವರೂ ಕೂತು ಧಾರಾವಾಹಿ ನೋಡುತ್ತಿದ್ದೆವು. ಚಂದ್ರಿ ನೀರು ಕುಡಿಯಲು ಕೈ ಚಾಚಿದಳು, ಲೋಟ ಉರುಳಿ ನೀರೆಲ್ಲ ಚೆಲ್ಲಿತು. ಅದೇ ಗಳಿಗೆಗೆ ತೆರೆ ಕಪ್ಪಾಯಿತು. ಕುರುಡರು ಲೆಕ್ಕಕ್ಕೆ ಬರುವುದಿಲ್ಲ ಅಂತ ನಮ್ಮೂರಿನಲ್ಲಿ ಹಿಂದಿನಿಂದ ಒಂದು ಮಾತಿದೆ. ಯಾರು ಹೇಳಿದರೋ, ಯಾವಾಗ ಹೇಳಿದರೋ. ಆ ಕತ್ತಲೆಯಲ್ಲಿ ಎಲ್ಲರಿಗೂ ಅದೇ ಮಾತು ನೆನಪಾಗಿರಬೇಕು, ಅವಳಿಗೂ. ಎದ್ದು ನಿಂತಳು. "ನಾಳೆಯಿಂದ ಬೇರೆ ಯಾರನ್ನಾದ್ರೂ ನೋಡ್ಕೊಳೇ ಪಮ್ಮಿ," ಅಂದಳು ನನಗೆ, ಬನ್ನು ಖಾಲಿಯಾಗಿದೆ ಅಂತ ಗಿರಾಕಿಗೆ ಹೇಳುವ ದನಿಯಲ್ಲಿ.

ಮರುವಾರ ಆರೂ ಪುಸ್ತಕಗಳನ್ನು ಬೇಕರಿಯ ಡಬ್ಬಕ್ಕೆ ಹಾಕಿ ಸಿಂಚನಾಗೆ ಕಳಿಸಿಕೊಟ್ಟಳು. ಅವರ ಮನೆಯಲ್ಲಿ ಅವಳನ್ನು ಬಿಟ್ಟೇ ಐದು ಜನ ಇದ್ದಾರೆ. ಆದರೂ ಅವಳಣ್ಣ ಪಂಚಾಕ್ಷರಿ ಟಿ.ವಿ.ಗೆ ಹಳೆಯ ಬೆಡ್‌ಶೀಟ್ ಹೊದಿಸಿಟ್ಟ. ಮಕ್ಕಳು ಬೇಕಾದರೆ ಪಕ್ಕದ ಮನೆಗೆ ಹೋಗಿ ನೋಡಲಿ ಅಂದ. ಅಣ್ಣತಂಗಿ ಇದರ ಬಗ್ಗೆ ಒಂದು ಮಾತೂ ಆಡಿಕೊಂಡಿರಲಿಲ್ಲ. ನಾನು ಬ್ರೆಡ್ ತರುವ ನೆಪದಲ್ಲಿ ವಾರಕ್ಕೊಮ್ಮೆ ಹೋಗುತ್ತಿದ್ದೆ. ಅವಳು ಗಲ್ಲಾದ ಪಕ್ಕ ಕೂತು ಬಿಸ್ಕತ್ತು ಪ್ಯಾಕ್ ಮಾಡುತ್ತಿರುತ್ತಿದ್ದಳು. ಹವೆಯ ಮಾತು, ಕಾಲುನೋವಿನ ಮಾತು. ನೋಡಿದ್ದರ ಬಗ್ಗೆ ಮಾತಾಡಬಾರದು ಅಂತ ನಾನು ಎಚ್ಚರವಾಗಿರುತ್ತಿದ್ದೆ. ನೋಡಿದ್ದನ್ನು ಬಿಟ್ಟರೆ ಜನಕ್ಕೆ ಮಾತಾಡಲು ಎಷ್ಟು ಕಡಿಮೆ ಇದೆ ಅಂತ ಆಗಲೇ ನನಗೆ ಗೊತ್ತಾದದ್ದು.

ಹೀಗಿರುವಾಗ 'ಗಂಟೆಮನೆ' ಧಾರಾವಾಹಿಯಾಗಿ ಬರುತ್ತದಂತೆ ಅನ್ನುವ ಸುದ್ದಿ ಬಂತು. ಹಿಂದೆಯೇ ಟ್ರೈಲರ್ ಬಿಟ್ಟರು. ಒಂದೂವರೆ ನಿಮಿಷದ್ದು. ಊರಿಗೆ ಊರೇ ಎದ್ದು ಕೂತಿತು. ಬಟ್ಟೆ ಅಳತೆ ಕೊಡಲು ಬಂದ ತಾಯಂದಿರು ಅಳತೆ ಮರೆತು ಕೆಂಪಿಯ ಜಡೆಯ ಬಗ್ಗೆ ಮಾತಾಡಿದರು. ಮೊದಲ ಪುಸ್ತಕದಲ್ಲಿ ಜ್ವರ ಬಂದು ಅವಳ ತಲೆ ಬೋಳಿಸಿದ್ದರಲ್ಲ, ಎರಡು ಜಡೆ ಎಲ್ಲಿಂದ ಬಂತು? ಕತ್ತೆಗಾಡಿ ಯಾಕೆ ಬರುತ್ತದೆ, ಆರು ಪುಸ್ತಕದಲ್ಲಿ ಎಲ್ಲಾದರೂ ಕತ್ತೆ ಇದೆಯೇ?

ನಮ್ಮ ಮನೆಯಲ್ಲಿ ಐದನೆಯವರ ಜಾಗಕ್ಕೆ ಪಕ್ಕದ ಮನೆಯ ನೀಲಕಂಠಪ್ಪನವರನ್ನು ಕರೆಯುತ್ತಿದ್ದೆವು. ರಿಟೈರಾದವರು, ಬರುವುದಕ್ಕೆ ತಕರಾರಿಲ್ಲ, ಆದರೆ ಕೂತ ಕೂಡಲೇ ಕಣ್ಣು ಎಳೆಯುತ್ತದೆ. ಟ್ರೈಲರ್ ಹಾಕಿದ ಆವತ್ತು ಸಿಂಚನಾ ಅವರ ಪಕ್ಕದಲ್ಲೇ ಕೂತು ತೊಡೆ ಜಿಗುಟಲು ತಯಾರಾಗಿದ್ದಳು. ತೆರೆ ಹತ್ತಿತು. ಗುಡ್ಡ ಕಂಡಿತು. ಗಂಟೆ ಕಂಡಿತು. ಲಾಟೀನು ಹಿಡಿದು ಓಡುವ ಬುಡ್ಡನನ್ನು ನೋಡಿ, ಇದ್ದರೆ ಹೀಗೇ ಇರಬೇಕು ಅನ್ನಿಸಿತು. ದೊಡ್ಡಜ್ಜಿ ಟ್ರಂಕಿಗೆ ಬೀಗ ಹಾಕಿದಳು. ಆಮೇಲೆ ಕತ್ತಲೆ, ಬಾಗಿಲು, ತಟ್ಟುವ ಸದ್ದು, ಅಗಳಿಯ ಮೇಲೆ ಕೆಂಪಿಯ ಬೆರಳು. ಅಷ್ಟಕ್ಕೆ ತೆರೆ ಸತ್ತುಹೋಯಿತು.

"ತಾತಾ!" ಅಂತ ಸಿಂಚನಾ ಕಿರುಚಿದಳು.

"ನೋಡ್ತಾ ಇದೀನಲ್ಲಮ್ಮ," ಅಂದರು ನೀಲಕಂಠಪ್ಪ, ಕಣ್ಣು ಮುಚ್ಚಿಕೊಂಡೇ.

ಮತ್ತೆ ಹಾಕಿದೆವು. ಮತ್ತೆ ಅಗಳಿಯ ಹತ್ತಿರ ಬರುವ ಹೊತ್ತಿಗೆ ಅವರು ಆಕಳಿಸಿದರು. ಮೂರನೇ ಸಲ ಹೇಗೋ ಕೊನೆಯ ತನಕ ಬಂತು. ನಾಲ್ಕನೇ ಸಲಕ್ಕೆ ಪಂಚೆ ಕೊಡವಿಕೊಂಡು ಎದ್ದರು. "ಒಂದೂವರೆ ನಿಮಿಷದ್ದನ್ನ ಎಷ್ಟ್ ಸಲ ನೋಡ್ತೀರ್ರೀ ನೀವು? ಬಾಗಿಲು ತಟ್ಟಿದ್ರೆ ತೆಗೀಬೇಕಪ್ಪ, ಅದಕ್ಕೆ ಇಷ್ಟೆಲ್ಲ ಯಾಕೆ?" ಅಂದು ಹೊರಟುಹೋದರು. ಬಾಗಿಲ ಆಚೆ ಏನೋ ಒಂದು ಸದ್ದು ಇದೆ, ಕೊನೆಯಲ್ಲಿ, ಹೆಸರು ತೋರಿಸುವ ಮುಂಚೆ. ಗಾಳಿ ಅಂದೆ ನಾನು. ಗಂಟೆಯ ಅನುರಣನ ಅಂದರು ಮಾಸ್ಟ್ರು. ಬಳೆ ಅಂದಳು ಸಿಂಚನಾ. ಹಾಲಿನ ಕ್ಯಾನು ಅಂದರು ನಮ್ಮನೆಯವರು.

"ಚಂದ್ರತ್ತೆ ಇದ್ದಿದ್ರೆ ಹೇಳಿರೋರು," ಅಂದಳು ಸಿಂಚನಾ.

ಮಾರನೇ ದಿನ ಬೇಕರಿಗೆ ಹೋದೆ. ಹೇಳಬಾರದು ಅಂದುಕೊಂಡೇ ಹೋಗಿದ್ದೆ. ಅವಳೇ ಶುರುಮಾಡಿದಳು. ಕೈಯಲ್ಲಿ ಬೆಣ್ಣೆ ಬಿಸ್ಕತ್ತು ಎಣಿಸುತ್ತ, ಮುಖ ಎತ್ತದೆ, "ಬಂತಂತಲ್ಲೇ, ಟ್ರೈಲರ್ರು. ಬರೋ ಗಿರಾಕಿಗಳೆಲ್ಲ ಅದೇ ಮಾತು. ಹೇಳು, ಏನೇನಿದೆ?"

ಹೇಳತೊಡಗಿದೆ. ಗುಡ್ಡ, ಗಂಟೆ, ಲಾಟೀನು. ಅವಳು ನಡುನಡುವೆ ತಡೆದಳು. ಗುಡ್ಡಕ್ಕೆ ಹೋಗೋ ದಾರಿ ಎಡಗಡೆ ತಿರುಗುತ್ತಾ ಬಲಗಡೆನಾ? ಬುಡ್ಡನ ಕಾಲಲ್ಲಿ ಚಪ್ಪಲಿ ಇದೆಯಾ? ದೊಡ್ಡಜ್ಜಿ ದಪ್ಪ ಇದಾಳಾ? ನನಗೆ ಅರ್ಧಕ್ಕರ್ಧ ನೆನಪಿರಲಿಲ್ಲ. ಬ್ರೆಡ್ ಕೊಳ್ಳಲು ಬಂದಿದ್ದ ಆಟೋದವರೊಬ್ಬರು, "ಚಪ್ಪಲಿ ಇಲ್ಲ ಅಕ್ಕ, ಬರಿಗಾಲು," ಅಂತ ಸೇರಿಕೊಂಡರು. ರಸ್ಕು ತೂಗಿಸುತ್ತಿದ್ದ ಹೆಂಗಸು, "ಟ್ರಂಕಿನಲ್ಲಿ ಅಪ್ಪನ ಅಂಗಿ ಇದೆ ನೋಡಿ, ತೋಳು ಹೊರಗೆ ಸಿಕ್ಕಿಹಾಕ್ಕೊಂಡಿದೆ. ಅದಕ್ಕೇ ಅಪ್ಪನೇ ಬಂದಿರೋದು," ಅಂದರು. "ಅದು ಅಂಗಿ ಅಲ್ರೀ, ಸೀರೆ ಸೆರಗು," ಅಂದರು ಆಟೋದವರು. "ನೀವು ಯಾವ ಟಿ.ವಿ.ಲಿ ನೋಡಿದ್ರಿ?" ಅಂದರು ಹೆಂಗಸು. ಪಂಚಾಕ್ಷರಿ ಅಣ್ಣ ತಕ್ಕಡಿ ಹಿಡಿದುಕೊಂಡೇ ತಂಗಿಯ ಮುಖ ನೋಡುತ್ತಿದ್ದ. ಚಂದ್ರಿಯ ಕೈ ಎಣಿಸುವುದನ್ನು ನಿಲ್ಲಿಸಿತ್ತು, ಕೆನ್ನೆ ಕೆಂಪಗಾಗಿತ್ತು. ಒಂದು ವರ್ಷದಿಂದ ಆ ಮುಖವನ್ನು ನಾನು ಕಂಡಿರಲಿಲ್ಲ.

"ಕೊನೇಲಿ ಏನೋ ಸದ್ದಿದೆ ಕಣೆ," ಅಂದೆ. "ತಟ್ಟಿದ್ದಾದ ಮೇಲೆ. ಒಂಥರಾ..."

"ಒಂಥರಾ ಅಂದ್ರೆ?"

ಬಾಯಲ್ಲಿ ಮಾಡಿ ತೋರಿಸಿದೆ. ಆಟೋದವರು ನಕ್ಕುಬಿಟ್ಟರು. ಇನ್ನೊಂದು ಥರ ಮಾಡಿದೆ. ಅದೂ ಸರಿಯಾಗಲಿಲ್ಲ.

"ಎರಡು ಕಿವಿ ಇಟ್ಕೊಂಡು ಏನ್ ಮಾಡ್ತೀಯೇ ನೀನು?" ಅಂದಳು ಚಂದ್ರಿ. ನಿಜವಾಗಿ ರೇಗಿದ್ದಳು.

"ಹಂಗಾದ್ರೆ ಬಂದು ನೀನೇ ಕೇಳು."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಗಿರಾಕಿಗಳು ಚಿಲ್ಲರೆ ತೆಗೆದುಕೊಂಡು ಸದ್ದಿಲ್ಲದೆ ಇಳಿದುಹೋದರು. ಚಂದ್ರಿ ಎದುರಿಗಿದ್ದ ಪೊಟ್ಟಣದ ಬಾಯಿ ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು.

"ನಾನು ಬಂದ್ರೆ ಹತ್ತಲ್ಲ ಪಮ್ಮಿ."

"ಹತ್ತದಿದ್ರೆ ಹತ್ತದೇ ಇರ್ಲಿ. ನೀನು ಇಲ್ಲದಿದ್ರೂ ನಮಗೆ ಹತ್ತಲ್ಲ. ನೀಲಕಂಠಪ್ಪನವರು ಕೈಕೊಟ್ರು. ನಾವು ನಾಲ್ಕೇ ಜನ."

ಅವಳು ಮತ್ತೆ ಬಿಸ್ಕತ್ತು ಎಣಿಸತೊಡಗಿದಳು. ನಾನು ಬ್ರೆಡ್ ತೆಗೆದುಕೊಂಡು ಮೆಟ್ಟಿಲಿಳಿದೆ. ಬೀದಿಯ ತಿರುವಿಗೆ ಬರುವಷ್ಟರಲ್ಲಿ ಹಿಂದಿನಿಂದ ಪಂಚಾಕ್ಷರಿ ಅಣ್ಣ ಬಿರಬಿರನೆ ಬಂದ. ಮೈದಾ ಹತ್ತಿದ ಕೈಯನ್ನು ಬನಿಯನ್ನಿಗೆ ಒರೆಸಿಕೊಳ್ಳುತ್ತ, "ಸಾಯಂಕಾಲ ಬರ್ತಾಳಂತೆ," ಅಂದ. ಸ್ವಲ್ಪ ತಡೆದು, "ಪ್ರಮೀಳಾ, ಹತ್ತದೇ ಹೋದ್ರೆ ಕರೆಂಟಿಲ್ಲ ಅಂತ ಹೇಳಕ್ಕಾಗುತ್ತಾ? ನಿಮ್ಮನೆಯವರು ಕರೆಂಟ್ ಆಫೀಸಿನವರು, ನಂಬ್ತಾಳೆ," ಅಂದ. ತಲೆಯಾಡಿಸಿದೆ.

ಸಂಜೆ ನಾನೇ ಹೋಗಿ ಕರೆತಂದೆ. ನೀಲಿ ಅಂಚಿನ ಸೀರೆ ಉಟ್ಟಿದ್ದಳು, ಪೌಡರ್ ಹಾಕಿದ್ದಳು. ಮನೆಯಲ್ಲಿ ಎಲ್ಲರೂ ಮದುವೆಮನೆಯವರ ಹಾಗೆ ಕಾದಿದ್ದರು. ನಮ್ಮನೆಯವರು ದಾರಿಗಡ್ಡವಾಗಿದ್ದ ಸ್ಟೂಲನ್ನು ಎತ್ತಿ ಅಡುಗೆಮನೆಗೆ ಇಟ್ಟು ಬಂದರು. ಸಿಂಚನಾ ಕೈ ಹಿಡಿದು ಕೂರಿಸಿದಳು. ಮಾಸ್ಟ್ರು "ನಮಸ್ಕಾರ ಚಂದ್ರಮ್ಮ, ಆರಾಮಾ? ಬೆನ್ನಿಗೆ ದಿಂಬು ಬೇಕಾ? ಫ್ಯಾನ್ ಜಾಸ್ತಿ ಆಯ್ತಾ?" ಅಂತ ಆಸ್ಪತ್ರೆಯಲ್ಲಿ ಮಾತಾಡುವಂತೆ ಮೆತ್ತಗೆ ಕೇಳಿದರು. ಮೊದಲೆಲ್ಲ ಇದೇ ಮಾಸ್ಟ್ರು ಅವಳ ಮಾತಿಗೆ ಎದುರುಮಾತು ಆಡದೆ ಚಹಾ ಕುಡಿದವರಲ್ಲ. ಚಂದ್ರಿ ಎಲ್ಲದಕ್ಕೂ "ಸರಿ ಇದೆ, ಸರಿ ಇದೆ" ಅಂದಳು. ಬೆನ್ನು ನೆಟ್ಟಗೆ ಮಾಡಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಟಿ.ವಿ. ಇರುವ ಕಡೆ ಸರಿಯಾಗಿ ಮುಖ ಮಾಡಿ ಕೂತಳು.

ಸಿಂಚನಾ ಗುಂಡಿ ಒತ್ತಿದಳು.

ಹತ್ತಲಿಲ್ಲ. ಮತ್ತೆ ಒತ್ತಿದಳು. ಕಪ್ಪು ತೆರೆ ಹಾಗೇ ಇತ್ತು. ಚಂದ್ರಿಯ ಮುಖ ನೆಟ್ಟಗೆ ಮುಂದಕ್ಕಿತ್ತು, ತುಟಿ ಸ್ವಲ್ಪ ತೆರೆದಿತ್ತು, ಮೊದಲ ಸದ್ದಿಗಾಗಿ ಕಾಯುತ್ತಿದ್ದಳು. ಆ ಮುಖ ನಿಧಾನವಾಗಿ ಬಾಡುವುದನ್ನು ನಾನು ನೋಡಿದೆ. ನಮ್ಮನೆಯವರು ಕೆಮ್ಮಿ, "ಕರೆಂಟು..." ಅಂತ ಶುರುಮಾಡಿದರು. ತಲೆಯ ಮೇಲೆ ಫ್ಯಾನು ಗಿರಗಿರ ತಿರುಗುತ್ತಿತ್ತು.

"ಫ್ಯಾನ್ ತಿರುಗ್ತಾ ಇದೆಯಲ್ಲ ವೀರೇಶಣ್ಣ," ಅಂದಳು ಚಂದ್ರಿ. ಎದ್ದು ನಿಂತಳು. "ನಾನು ಹೇಳಿದ್ನಲ್ಲ ಪಮ್ಮಿ. ಬೇಜಾರಿಲ್ಲ, ನನ್ನ ಗೇಟಿನ ತನಕ ಬಿಡು ಸಾಕು."

ಅವಳನ್ನು ತಡೆಯಿರಿ ಅಂತ ಸನ್ನೆ ಮಾಡಲು ನಾನು ಮಿಕ್ಕವರ ಕಡೆ ತಿರುಗಿದೆ. ಆಗ ಕಂಡಿತು. ಸಿಂಚನಾ ಚಂದ್ರಿಯನ್ನೇ ನೋಡುತ್ತಿದ್ದಳು. ನಮ್ಮನೆಯವರು ಚಂದ್ರಿಯನ್ನೇ ನೋಡುತ್ತಿದ್ದರು. ಮಾಸ್ಟ್ರು ಕನ್ನಡಕ ಮೇಲೆತ್ತಿ ಚಂದ್ರಿಯನ್ನೇ ನೋಡುತ್ತಿದ್ದರು. ನಾನೂ ಅವಳು ಬಂದು ಕೂತಾಗಿನಿಂದ ಒಂದು ಗಳಿಗೆಯೂ ಅವಳ ಮುಖದಿಂದ ಕಣ್ಣು ಕಿತ್ತಿರಲಿಲ್ಲ. ಅಷ್ಟು ಹೊತ್ತು ಆ ಕೋಣೆಯಲ್ಲಿ ತೆರೆಯ ಕಡೆ ತಿರುಗಿ ಕೂತಿದ್ದವಳು ಅವಳೊಬ್ಬಳೇ. ಹೋದ ವರ್ಷ ನೀರಿನ ಲೋಟ ಉರುಳಿದಾಗಲೂ ಹೀಗೇ ಆಗಿರಬೇಕು. ಅಯ್ಯೋ ಪಾಪ ಅಂತ ನಾಲ್ಕೂ ಜನ ಅವಳ ಕಡೆ ತಿರುಗಿದ್ದೆವು. ಅದಕ್ಕಾಗಿ ಒಂದು ವರ್ಷ ಅವಳನ್ನು ಬಿಸ್ಕತ್ತಿನ ಪೊಟ್ಟಣಗಳ ನಡುವೆ ಕೂರಿಸಿಬಿಟ್ಟಿದ್ದೆವು.

"ಕೂತ್ಕೊಳೇ ಚಂದ್ರಿ," ಅಂದೆ. "ನಿನ್ನಿಂದಲ್ಲ. ನಾವು ನಾಲ್ಕೂ ಜನ ಟಿ.ವಿ. ನೋಡ್ತಾನೇ ಇಲ್ಲ ಕಣೆ. ನಿನ್ನನ್ನೇ ನೋಡ್ತಾ ಕೂತಿದೀವಿ."

ಅವಳು ನಿಂತಲ್ಲೇ ನಿಂತಳು. ಒಂದು ಕೈ ಕುರ್ಚಿಯ ಬೆನ್ನಿನ ಮೇಲಿತ್ತು. ಆಮೇಲೆ, "ಯಾಕೆ, ನನ್ನ ಮುಖದಲ್ಲಿ ಧಾರಾವಾಹಿ ಬರ್ತಾ ಇದ್ಯಾ?" ಅಂದಳು.

ಮೊದಲು ನಕ್ಕವಳು ಸಿಂಚನಾ. ಆಮೇಲೆ ನಮ್ಮನೆಯವರು. ಮಾಸ್ಟ್ರು ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು, ಒರೆಸಿದಷ್ಟೂ ಮುಗಿಯಲಿಲ್ಲ. ಚಂದ್ರಿ ಕುರ್ಚಿ ತಡವಿ ಕೂತಳು. "ಎಲ್ರೂ ಅತ್ಲಾಗೆ ತಿರುಗ್ರಪ್ಪ," ಅಂದಳು. ನಾವು ಶಾಲೆಯ ಮಕ್ಕಳ ಹಾಗೆ ತಿರುಗಿದೆವು. ಪಕ್ಕದಲ್ಲಿ ಅವಳಿದ್ದರೂ ಅವಳನ್ನು ನೋಡದೆ ಕೂರುವುದು ಸುಲಭವಿರಲಿಲ್ಲ. ಕತ್ತನ್ನು ಬಿಗಿಹಿಡಿದು ಕಪ್ಪು ತೆರೆಯನ್ನೇ ದಿಟ್ಟಿಸಿದೆ.

ಫಕ್ಕನೆ ಬೆಳಕಾಯಿತು. ಗಂಟೆಯ ಸದ್ದು ಕೋಣೆ ತುಂಬಿತು. ಚಂದ್ರಿಯ ಕೈ ಬಂದು ನನ್ನ ಮಣಿಕಟ್ಟನ್ನು ಹಿಡಿದುಕೊಂಡಿತು, ಬಳೆ ಒತ್ತಿ ನೋಯುವಷ್ಟು ಗಟ್ಟಿಯಾಗಿ. ನಾನು ತಿರುಗಲಿಲ್ಲ. ಗುಡ್ಡ, ಲಾಟೀನು, ಓಡುವ ಬರಿಗಾಲು, ಟ್ರಂಕಿನ ಬೀಗ, ಕತ್ತಲೆ. ತಟ್ಟುವ ಸದ್ದು. ಅಗಳಿ. ಆ ಒಂಥರಾ ಸದ್ದು. ಹೆಸರು. ಮುಗಿಯಿತು.

ಅವಳು ಏನು ಹೇಳುತ್ತಾಳೋ ಅಂತ ಎಲ್ಲರೂ ಕಾದು ಕೂತಿದ್ದೆವು.

"ಕೆಮ್ಮು," ಅಂದಳು ಚಂದ್ರಿ.

"ಕೆಮ್ಮಾ?"

"ಬಾಗಿಲಾಚೆ ಯಾರೋ ಕೆಮ್ಮಿದ್ರು. ಕೇಳಿಸ್ಲಿಲ್ವಾ? ಸರ್ಕಸ್ ಮಾವನ ಕೆಮ್ಮು ಅದು! ನಾಲ್ಕನೇ ಪುಸ್ತಕದಲ್ಲಿ ಅವನಿಗೆ ಗುಡಾರದ ಧೂಳಿಗೆ ಕೆಮ್ಮು ಹತ್ಕೊಳಲ್ವಾ? ನಾನು ಹೇಳಿರ್ಲಿಲ್ವೇನೇ ಪಮ್ಮಿ, ಹೇಳಿರ್ಲಿಲ್ವಾ?" ಅವಳು ಕುರ್ಚಿಯಲ್ಲೇ ಮೇಲೆ ಕೆಳಗೆ ಕುಣಿಯುತ್ತಿದ್ದಳು.

ಮಾಸ್ಟ್ರು ಗಂಟಲು ಸರಿಮಾಡಿಕೊಂಡರು. "ಕ್ಷಮಿಸಿ ಚಂದ್ರಮ್ಮ," ಅಂದರು, ಇನ್ನೂ ಆ ಆಸ್ಪತ್ರೆಯ ದನಿಯಲ್ಲೇ. "ಕೆಮ್ಮು ನನಗೂ ಕೇಳಿಸ್ತು. ಆದ್ರೆ ಅದು ಟ್ರೈಲರ್‌ನಲ್ಲಿ ಬಂದದ್ದಲ್ಲ. ಪಕ್ಕದ ಮನೆ ನೀಲಕಂಠಪ್ಪನವರದ್ದು."

"ಏನು?"

"ನೀಲಕಂಠಪ್ಪನವರಿಗೆ ಮೊನ್ನೆಯಿಂದ ಕೆಮ್ಮು."

"ನೀಲಕಂಠಪ್ಪನ ಕೆಮ್ಮು ನಂಗೊತ್ತಿಲ್ವಾ? ದಿನಾ ಬೆಳಿಗ್ಗೆ ಬನ್ನು ತಗೊಳಕ್ಕೆ ಬರ್ತಾರೆ. ಅವರದ್ದು ಒಣಕೆಮ್ಮು. ಇದು ಕಫದ್ದು. ಮತ್ತೆ ಹಾಕೇ ಸಿಂಚು!"

ಮತ್ತೆ ಹಾಕಿದೆವು. ಅಗಳಿಯ ಹತ್ತಿರ ಬರುವ ಹೊತ್ತಿಗೆ ಗೋಡೆಯಾಚೆ ನೀಲಕಂಠಪ್ಪನವರು ನಿಜವಾಗಿಯೂ ಕೆಮ್ಮಿದರು, ಉದ್ದಕ್ಕೆ, ಬೀದಿಗೆಲ್ಲ ಕೇಳುವ ಹಾಗೆ. ಅದರಡಿಯಲ್ಲಿ ಮಿಕ್ಕ ಸದ್ದೆಲ್ಲ ಮುಚ್ಚಿಹೋಯಿತು. "ನೋಡಿದ್ರಾ!" ಅಂದರು ಮಾಸ್ಟ್ರು. "ಇದು ಬೇರೆ, ಅದು ಬೇರೆ!" ಅಂದಳು ಚಂದ್ರಿ. ನಮ್ಮನೆಯವರು ಪಕ್ಕದ ಮನೆಗೆ ಹೋಗಿ, ಒಂದೂವರೆ ನಿಮಿಷ ಕೆಮ್ಮು ತಡೆದುಕೊಳ್ಳಲು ಸಾಧ್ಯವೇ ಅಂತ ವಿನಯದಿಂದ ಕೇಳಿಕೊಂಡು ಬಂದರು. ಅವರಿಗೆ ಸಿಟ್ಟು ಬಂದು ಕಿಟಕಿ ಮುಚ್ಚಿಕೊಂಡರಂತೆ. ಮೂರನೇ ಸಲ ಹಾಕಿದೆವು. ಕೊನೆಯ ಸದ್ದು ಬಂತು. ನನ್ನ ಕಿವಿಗೆ ಅದು ಗಾಳಿಯೇ.

"ಕೇಳಿಸ್ತಾ?" ಅಂದಳು ಚಂದ್ರಿ.

"ಗಂಟೆ," ಅಂದರು ಮಾಸ್ಟ್ರು. "ಗಂಟೆಯ ನಾಲಿಗೆ ಅಲ್ಲಾಡಿದ ಸದ್ದು. ಅಪ್ಪ ಬಂದಾಗ ಮಾತ್ರ ಗಂಟೆ ಅಲ್ಲಾಡುತ್ತೆ ಅಂತ ಎರಡನೇ ಪುಸ್ತಕದಲ್ಲೇ ದೊಡ್ಡಜ್ಜಿ ಹೇಳ್ತಾಳೆ."

"ಎರಡನೇ ಪುಸ್ತಕ ನೀವು ಓದೇ ಇಲ್ಲ! ಶಾಲೆ ಲೈಬ್ರರಿಲಿ ಕಳೆದುಹೋಗಿತ್ತು ಅಂತ ನೀವೇ ಹೇಳಿದ್ರಿ."

"ಆಮೇಲೆ ಓದಿದೀನ್ರೀ! ಸಿಂಚನಾ ಹತ್ರ ಇಸ್ಕೊಂಡು ಓದಿದೀನಿ!"

"ಓದಿದ್ರೆ ಹಿಂಗೆ ಮಾತಾಡ್ತಿರ್ಲಿಲ್ಲ. ಗಂಟೆ ಅಲ್ಲಾಡೋದು ಸುಳ್ಳು ಹೇಳಿದಾಗ, ಅಪ್ಪ ಬಂದಾಗಲ್ಲ. ಲೆಕ್ಕದ ಮಾಸ್ಟ್ರಿಗೆ ಕಥೆ ಯಾಕೆ?"

ಮಾಸ್ಟ್ರು ಎದ್ದು ನಿಂತರು. ಮುಖ ಕೆಂಪೇರಿತ್ತು. ಆಸ್ಪತ್ರೆಯ ದನಿ ಎಲ್ಲಿ ಹೋಯಿತೋ. "ಚಂದ್ರಮ್ಮ, ನಿಮಗೆ ತಲೆ ಕೆಟ್ಟಿದೆ!" ಅಂದರು. "ಸಂಪೂರ್ಣ ಕೆಟ್ಟಿದೆ! ಮಕ್ಕಳು ಅಷ್ಟು ವರ್ಷ ಕಾದಿರೋದು ಅಪ್ಪನಿಗಾಗಿ. ಬಾಗಿಲಾಚೆ ಒಬ್ಬ ಸರ್ಕಸ್ಸಿನವನನ್ನ ನಿಲ್ಲಿಸಿದ್ರೆ ಅದು ಕಥೆನಾ, ಕುಚೋದ್ಯನಾ? ನಿಮ್ಮ ಜತೆ ಮಾತಾಡಿ ಪ್ರಯೋಜನ ಇಲ್ಲ!" ಅಂದು ಚಪ್ಪಲಿಯನ್ನೂ ಮೆಟ್ಟದೆ ಧಡಧಡ ಮಹಡಿ ಹತ್ತಿಹೋದರು.

ನಾನು ಹೆದರಿ ಚಂದ್ರಿಯ ಕಡೆ ನೋಡಿದೆ. ಅವಳ ಎದೆ ಏರಿಳಿಯುತ್ತಿತ್ತು, ಮೂಗಿನ ತುದಿ ಬೆವರಿತ್ತು. ಒಂದು ವರ್ಷದಿಂದ ಊರೆಲ್ಲ ಅವಳ ಹತ್ತಿರ ಮೆಲುದನಿಯಲ್ಲೇ ಮಾತಾಡಿತ್ತು. ತಲೆ ಕೆಟ್ಟಿದೆ ಅಂತ ಯಾರೂ ಅಂದಿರಲಿಲ್ಲ.

"ಹೋದ್ರಾ?" ಅಂದಳು.

"ಹೋದ್ರು."

"ಹೋಗ್ಲಿ. ಎದುರು ನಿಂತು ವಾದ ಮಾಡಕ್ಕೆ ದಮ್ಮಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ಕಾಫಿ ಕೊಡ್ತೀಯೇನೇ, ಬಂದು ಎಷ್ಟೊತ್ತಾಯ್ತು."

ಕಾಫಿ ಕುಡಿದು ಹೊರಟೆವು. ದಾರಿಯುದ್ದಕ್ಕೂ ಅವಳು ನನ್ನ ತೋಳು ಹಿಡಿದು ನಡೆಯುತ್ತ ನಾಲ್ಕನೇ ಪುಸ್ತಕದಿಂದ ಒಂದೊಂದೇ ಸಾಲು ತೆಗೆದು ಮಾಸ್ಟ್ರನ್ನು ಸೋಲಿಸುತ್ತಿದ್ದಳು. ಎರಡು ಕಡೆ ಕಲ್ಲು ಎಡವಿದಳು, ಎರಡು ಸಲವೂ ಮಾತು ನಿಲ್ಲಿಸಲಿಲ್ಲ. ನಾನು ಬರೀ "ಹೂಂ" ಅನ್ನುತ್ತಿದ್ದೆ.

ಬೇಕರಿಯಲ್ಲಿ ಗಿರಾಕಿಗಳಿರಲಿಲ್ಲ. ಅರ್ಧ ಬಾಗಿಲು ಎಳೆದು, ಪಂಚಾಕ್ಷರಿ ಅಣ್ಣ ಮೆಟ್ಟಿಲ ಮೇಲೆ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ನಮ್ಮನ್ನು ಕಂಡು ಇಳಿದು ಬಂದ. ತಂಗಿಯ ಮುಖ ನೋಡಿದ, ಆ ಕೆಂಪೇರಿದ ಮುಖದಿಂದ ಏನೂ ತಿಳಿಯದೆ ನನ್ನ ಕಡೆ ನೋಡಿದ. ಏನಾಯಿತು ಅಂತ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಚಂದ್ರಿಯೇ ಮಾತಾಡಿದಳು.

"ಅಣ್ಣ, ನಾಳೆಯಿಂದ ಆ ಬಷೀರ್ ಮಾಸ್ಟ್ರಿಗೆ ಬನ್ನು ಕೊಡಬೇಡ."

ಅಣ್ಣ ನಮಗೆ ಬೆನ್ನು ಮಾಡಿ ಅಂಗಡಿಯೊಳಗೆ ಹೋದ. ಆಗಲೇ ಸಾಲಾಗಿ ನಿಂತಿದ್ದ ಗಾಜಿನ ಬಾಟಲಿಗಳನ್ನು ಒಂದೊಂದಾಗಿ ಎತ್ತಿ ಅದೇ ಜಾಗಕ್ಕೆ ಇಡತೊಡಗಿದ.

"ಆಯ್ತಮ್ಮ," ಅಂದ ಅಲ್ಲಿಂದಲೇ. "ಕೊಡಲ್ಲ."